ನಮ್ಮ ಕಥೆಗಳಲ್ಲಿ ವೀಸಾ ಯಾಕಿಲ್ಲ?



ಈ ಸಲ ಬಳಗಕ್ಕೆ ಬಂದ ಕಥೆಗಳನ್ನೆಲ್ಲ ಒಟ್ಟಿಗೆ ಕೂತು ಓದಿದೆವು. ಹೆಚ್ಚಿನವುಗಳಲ್ಲಿ ಊರಲ್ಲೊಬ್ಬ ಅಮ್ಮ, ಇಲ್ಲೊಬ್ಬ ಮಗ, ನಡುರಾತ್ರಿಯ ಫೋನು. ಅಮ್ಮನನ್ನು ಕರೆಸಿಕೊಳ್ಳದ ತಪ್ಪು ಯಾವಾಗಲೂ ಮಗನ (ಇಲ್ಲವೇ ಸೊಸೆಯ!) ಮನಸ್ಸಿನದು. ಬರವಣಿಗೆ ಚೆನ್ನಾಗಿದೆ, ಕಣ್ಣು ಒದ್ದೆಯಾಗುತ್ತದೆ. ಆದರೂ ನಮ್ಮದೊಂದು ತಕರಾರಿದೆ: ಜಪಾನಿನಲ್ಲಿ ನಡೆಯುವ ಈ ಕಥೆಗಳಲ್ಲಿ ವೀಸಾ ಎಲ್ಲೂ ಕಾಣುವುದಿಲ್ಲ.

ಈ ಅಚ್ಚು ಅಮೆರಿಕದಿಂದ ಬಂದದ್ದಿರಬೇಕು. ಅಲ್ಲಿ ಪೌರತ್ವ ಸಿಕ್ಕ ಮಗ ಅಪ್ಪ ಅಮ್ಮನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಹಾಕದಿದ್ದರೆ ಅವನ ಮನಸ್ಸನ್ನು ಕೆದಕಬಹುದು. ಇಲ್ಲಿ ಹಾಗಲ್ಲ. ಮಾಮೂಲಿ ಇಂಜಿನಿಯರ್ ವೀಸಾದಲ್ಲಿ ಹೆಂಡತಿ ಮಕ್ಕಳಿಗೆ ಜಾಗವುಂಟು, ತಂದೆ ತಾಯಿಗೆ ಇಲ್ಲ. 2012ರಲ್ಲಿ ಶುರುವಾದ 'ಕೋದೋ ಜಿನ್‌ಜಾಯ್' ಪಾಯಿಂಟು ಪದ್ಧತಿಯಲ್ಲಿ ಮಾತ್ರ ಒಂದು ಕಿಂಡಿ ಇದೆ. ಡಾಕ್ಟರೇಟಿಗೆ 30, ಜಪಾನಿ ಭಾಷೆಯ ಎನ್1 ಪರೀಕ್ಷೆಗೆ 15. ವಯಸ್ಸು, ಸಂಬಳ, ಅನುಭವ ಎಲ್ಲ ಕೂಡಿ 70 ದಾಟಬೇಕು. (ಆ 'ಜಾಯ್' ಅಕ್ಷರದಲ್ಲೇ ಮರದ ಗುರುತಿದೆ, ಮೂಲಾರ್ಥ ನಾಟಾ. ನಾವು ಉತ್ತಮ ದರ್ಜೆಯ ನಾಟಾ!)

ಹಾಗೆ ದಾಟಿದವರು ಹೆತ್ತವರನ್ನು ಕರೆಸಬಹುದು. ಆದರೆ ಮನೆಯಲ್ಲಿ ಏಳು ವರ್ಷದೊಳಗಿನ ಮಗು ಇರಬೇಕು, ಇಲ್ಲವೇ ಬಸುರಿ ಇರಬೇಕು. ವರ್ಷಕ್ಕೆ 80 ಲಕ್ಷ ಯೆನ್ ಆದಾಯ ಬೇಕು. ಗಂಡನ ಕಡೆಯವರೋ ಹೆಂಡತಿಯ ಕಡೆಯವರೋ, ಒಂದೇ ಕಡೆಯವರು. ಮಗುವಿಗೆ ಏಳು ತುಂಬಿತೋ, ಅಜ್ಜಿ ಇಲ್ಲಿರುವ ಕಾರಣವೇ ಹೋಯಿತು. ನಿಯಮ ಬರೆದವರ ಕಣ್ಣಿಗೆ ಅಮ್ಮ ಎಂದರೆ ಮಗು ನೋಡಿಕೊಳ್ಳುವವಳು, ಅಷ್ಟೇ.

ಕಥೆ ಇರುವುದು ಇದರ ಮುಂದೆ. 2017ರಿಂದ 80 ಪಾಯಿಂಟಿದ್ದವರು ಒಂದೇ ವರ್ಷಕ್ಕೆ, 70 ಇದ್ದವರು ಮೂರು ವರ್ಷಕ್ಕೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಉಳಿದವರಿಗೆ ಸಾಮಾನ್ಯವಾಗಿ ಹತ್ತು ವರ್ಷ. ಅದು ಸಿಕ್ಕರೆ ಕೆಲಸ ಹೋದರೂ ಹೆದರಬೇಕಿಲ್ಲ, ಬ್ಯಾಂಕು ಮನೆ ಸಾಲಕ್ಕೆ ಮುಖ ನೋಡಿ ಮಾತಾಡುತ್ತದೆ. ಆದರೆ ಹೆತ್ತವರನ್ನು ಕರೆಸುವ ಆ ಕಿಂಡಿ ಮುಚ್ಚುತ್ತದೆ. ಇನ್ನೊಂದು ದಾರಿ, ಮೂರು ವರ್ಷದ ನಂತರ ಅದೇ ಜಿನ್‌ಜಾಯ್ ವೀಸಾದ ಎರಡನೇ ದರ್ಜೆ. ಅದಕ್ಕೂ ಅವಧಿಯ ಮಿತಿ ಇಲ್ಲ, ಕಿಂಡಿಯೂ ತೆರೆದಿರುತ್ತದೆ. ಆದರೆ ತಕ್ಕ ಕಾರಣವಿಲ್ಲದೆ ಆರು ತಿಂಗಳು ಕೆಲಸ ಬಿಟ್ಟು ಕೂತರೆ ವೀಸಾ ರದ್ದಾಗಬಹುದು.

ನಿಶಿ ಕಸಾಯಿಯ ಅಡುಗೆಮನೆಯಲ್ಲಿ ಗಂಡ ಹೆಂಡತಿ ಈ ಎರಡು ಅರ್ಜಿಗಳನ್ನು ಮುಂದಿಟ್ಟುಕೊಂಡು, ಯಾರ ಅಮ್ಮ, ಯಾವ ಮನೆ ಎಂದು ಲೆಕ್ಕ ಹಾಕುವ ರಾತ್ರಿಯನ್ನು ನಮ್ಮವರು ಯಾಕೆ ಬರೆಯುತ್ತಿಲ್ಲ? ಈ ಸಲದ ಒಂದು ಕಥೆಯಲ್ಲಿ ಅಮ್ಮ "ಯಾವಾಗಪ್ಪ ಕರ್ಕೊಂಡು ಹೋಗ್ತೀಯ?" ಎಂದು ಕೇಳಿದಾಗ ಮಗ ಸುಮ್ಮನಾಗುತ್ತಾನೆ. ಕಥೆಗಾರರು ಆ ಮೌನವನ್ನು ಪಾಪಪ್ರಜ್ಞೆ ಎಂದಿದ್ದಾರೆ. ನಮಗನ್ನಿಸಿದ್ದು, ಅವನು ಮನಸ್ಸಿನಲ್ಲೇ ಮಗಳ ವಯಸ್ಸನ್ನು ಎಣಿಸುತ್ತಿದ್ದ.

ಮುಂದಿನ ಸಂಚಿಕೆಗೆ ಬರೆಯುವವರು ದಯವಿಟ್ಟು ಚೆರ್ರಿ ಹೂವು ಬಿಡಿ. ಮಗುವಿನ ಏಳನೇ ಹುಟ್ಟುಹಬ್ಬದಿಂದ ಶುರುಮಾಡಿ.