ಬದುಕಿದ್ದವಳ ಶ್ರಾದ್ಧ

ಗೋಕಾಕ ಫಾಲ್ಸಿನಂತಹ ಗಿರಣಿಯ ಊರನ್ನು ಬಲ್ಲವರಿಗೆ ಭೋಂಗಾದ ಆಜ್ಞೆಯೆಂದರೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಅದು ಕೂಗಿದೊಡನೆ ಊರಿಗೆ ಊರೇ ಒಂದು ದಾರಿ ಹಿಡಿಯುವದು. ಆದರೆ ಪಾಳಿ ತೀರಿದ ಮೇಲೆ ಗಿರಣಿಯು ಕೂಲಿಕಾರನ ಬೆನ್ನು ಹತ್ತಿ ಅವನ ಅಡಿಗೆಮನೆಯವರೆಗೆ ಬರಲಾರದು. ಪಾಳಿಯೇ ತೀರದ ಊರೊಂದನ್ನು ತೋರಿಸಿದ ಚಿತ್ರವು ‘ಘಟಶ್ರಾದ್ಧ’. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರಕ್ಕೆ 1977ರ ಸ್ವರ್ಣಕಮಲವು ದೊರೆಯಿತು. ಅದರ ಜೀರ್ಣೋದ್ಧಾರಗೊಂಡ ಪ್ರತಿಯು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇದನ್ನು ವಿಧವೆಯೊಬ್ಬಳ ದುರ್ದೆಶೆಯ ಕಥೆಯೆಂದಷ್ಟೇ ಹೊಗಳಿ ಮುಗಿಸುವ ರೂಢಿಯುಂಟು. ಆ ಹೊಗಳಿಕೆಯಲ್ಲಿ ಚಿತ್ರದ ಅರ್ಧ ಸತ್ವವು ಸೋರಿಹೋಗುವದು.

ಮಲೆನಾಡಿನ ಅಗ್ರಹಾರದಲ್ಲಿ ಉಡುಪರ ವೇದಪಾಠಶಾಲೆ. ಅವರ ಮಗಳು ಯಮುನಾ ಬಾಲವಿಧವೆ. ಶಾಲೆಯ ಮಾಸ್ತರನಿಂದ ಗರ್ಭ ಧರಿಸಿದವಳು. ಅಗ್ರಹಾರವು ಅವಳನ್ನು ಹೊರಗೆ ಹಾಕುವದು ಕಥೆಯ ಕೊನೆಯಲ್ಲಿ. ಆದರೆ ಸೂಕ್ಷ್ಮವಾಗಿ ನೋಡಿದರೆ, ಅದಕ್ಕೆ ಎಷ್ಟೋ ಮೊದಲೇ ಅವಳು ತನ್ನನ್ನು ತಾನೇ ಹೊರಗೆ ಹಾಕಿಕೊಳ್ಳತೊಡಗಿರುವಳು. ನೆರೆಯವರ ಕಣ್ಣಿಗೆ ಬೀಳದಂತೆ ಮನೆಯೊಳಗೆ ಸರಿಯುವಳು, ಮಾತನ್ನು ಕಡಿಮೆ ಮಾಡುವಳು. ಹೊರಗೆ ಯಾರೂ ಇನ್ನೂ ತೀರ್ಪು ಕೊಟ್ಟಿರುವದಿಲ್ಲ. ತೀರ್ಪು ಒಳಗೆ ಆಗಿಬಿಟ್ಟಿರುತ್ತದೆ.

ಜಪಾನದಲ್ಲಿ ಸಮಾಜಕ್ಕೆ ಬೆನ್ನು ತಿರುಗಿಸಿ ವರ್ಷಗಟ್ಟಲೆ ಕೋಣೆ ಸೇರಿಬಿಡುವವರ ಸ್ಥಿತಿಗೆ ‘ಹಿಕಿಕೊಮೊರಿ’ ಎನ್ನುವರು. ಮನೋವೈದ್ಯ ಸೈತೋ ತಮಾಕಿಯವರ 1998ರ ಗ್ರಂಥವು ಅದನ್ನು ಮನೆಮಾತಾಗಿಸಿತು. ಅಲ್ಲಿಯೂ ಚಿಲಕವು ಒಳಗಿನದೇ, ಅದನ್ನು ಹಾಕಿಸುವ ಭಯವು ಹೊರಗಿನದು. ಆದರೆ ಆ ಕೋಣೆಯ ಬಾಗಿಲಿಗೆ ಊಟದ ತಟ್ಟೆಯನ್ನು ತಂದಿಡುವ ತಾಯಿಯಾದರೂ ಇರುವದುಂಟು. ಯಮುನೆಗೆ ತಾಯಿಯಿಲ್ಲ. ಅವಳ ಪಾಲಿಗಿರುವವನು ನಾಣಿ, ಪಾಠಶಾಲೆಗೆ ಹೊಸತಾಗಿ ಬಂದ, ಮನೆಯ ನೆನಪಿಗೆ ಅಳುವ ಹುಡುಗ.

ಚಿತ್ರದ ನಿಜವಾದ ಜಾಣ್ಮೆಯಿರುವದು ಈ ಹುಡುಗನಲ್ಲಿ. ಎಲ್ಲರಂತಾಗಲೆಂದೇ ಅವನನ್ನು ಪಾಠಶಾಲೆಗೆ ಕಳಿಸಿದ್ದಾರೆ. ಎಲ್ಲರ ಸ್ವರಕ್ಕೆ ತನ್ನ ಸ್ವರವನ್ನು ಕೂಡಿಸುವದೇ ಅವನ ದಿನದ ಕೆಲಸ. ಆದರೆ ಎಲ್ಲರೂ ನೋಡಲೊಲ್ಲದ್ದನ್ನು ನೋಡುವವನೂ ಅವನೇ. ಯಮುನೆಯು ಸಾವನ್ನು ಬಯಸಿ ಹಾವಿನ ಹುತ್ತದೊಳಗೆ ಕೈಯಿಡುವ ಸನ್ನಿವೇಶವನ್ನು ನಿರ್ದೇಶಕರು ಆಕ್ರಂದನದಿಂದ ತುಂಬಿಸಿಲ್ಲ. ಬೇರೆ ಕೈಯಲ್ಲಾಗಿದ್ದರೆ ಅಲ್ಲಿ ಒಂದು ಶೋಕಗೀತೆ ತಪ್ಪುತ್ತಿರಲಿಲ್ಲ! ಇಲ್ಲಿ ಕಾಡು, ಕತ್ತಲೆ, ಮತ್ತು ಏನಾಗುತ್ತಿದೆಯೆಂದು ಪೂರ್ತಿ ತಿಳಿಯದ ಬಾಲಕನ ಕಣ್ಣು. ಅವನಿಗೆ ತಿಳಿಯದಿರುವದರಿಂದಲೇ ಪ್ರೇಕ್ಷಕನಿಗೆ ಹೆಚ್ಚು ತಿಳಿಯುವದು.

ಮಾಸ್ತರನ ಪಾತ್ರ ಮಾತ್ರ ತೆಳುವಾಗಿದೆ. ಅವನ ಅಂಜಿಕೆಯೂ ಅದೇ ಅಗ್ರಹಾರದ ಕೂಸು. ಅದಕ್ಕೆ ಇನ್ನಷ್ಟು ಅವಕಾಶ ಸಲ್ಲಬೇಕಾಗಿತ್ತು. ಉಡುಪರ ವಿಷಯದಲ್ಲಿ ಈ ಕೊರತೆಯಿಲ್ಲ. ಅವರು ಕ್ರೂರಿಯಲ್ಲ, ಮಗಳನ್ನು ಪ್ರೀತಿಸಿದವರೇ. ಆದರೂ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವವರು ಅವರೇ. ಅಲ್ಲಿ ಒಡೆಯುವ ಗಡಿಗೆ ಯಮುನೆಯ ಹೆಸರಿನದು. ಮಾಸ್ತರನ ಹೆಸರಿನಲ್ಲಿ ಯಾರೂ ಗಡಿಗೆ ಒಡೆಯಲಿಲ್ಲ. ಮುಂದೆ ವೃದ್ಧ ಉಡುಪರಿಗೆ ಎಳೆಯ ಹುಡುಗಿಯೊಬ್ಬಳೊಡನೆ ಮದುವೆಯ ಮಾತು ನಡೆದಾಗ ಊರಿನಲ್ಲಿ ಯಾರ ಹುಬ್ಬೂ ಏರುವದಿಲ್ಲ.

ಪಾಠಶಾಲೆಯು ಮುಚ್ಚುವದು. ನಾಣಿಯನ್ನು ಅವನ ತಂದೆ ಕರೆದೊಯ್ಯುವನು. ದಾರಿಯಲ್ಲಿ ಮರದ ಕೆಳಗೆ, ತಲೆ ಬೋಳಿಸಿಕೊಂಡು, ಯಮುನಾ ಒಬ್ಬಳೇ ಕುಳಿತಿರುವಳು. ತಂದೆಯು ಹುಡುಗನ ಕೈ ಬಿಡುವದಿಲ್ಲ. ಹುಡುಗನು ಹಿಂದಕ್ಕೆ ನೋಡುವದನ್ನೂ ಬಿಡುವದಿಲ್ಲ.