ವಾಗ್ಭ್ರಂಶವೂ ಲಕ್ಷಣಾವೃತ್ತಿಯೂ

ರೋಗಿಯ ತಪ್ಪುಮಾತನ್ನು ಹಿಡಿದು ಕವಿಯ ಮಾತಿನ ಮರ್ಮವನ್ನು ಬಿಡಿಸಹೊರಟ ವಿಮರ್ಶಕರು ವಿರಳ. ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್‌ಸನ್ನರು 1956ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಸಾಹಸವನ್ನು ಮಾಡಿದರು. ಮೆದುಳಿಗೆ ಪೆಟ್ಟು ಬಿದ್ದುದರಿಂದಲೋ, ಅಲ್ಲಿ ರಕ್ತಸಂಚಾರ ಕಟ್ಟಿದ್ದರಿಂದಲೋ ಉಂಟಾಗುವ ಅಫೇಸಿಯಾ ಎಂಬ ವ್ಯಾಧಿಯೇ ಆ ಪ್ರಬಂಧದ ವಸ್ತು. ಅದನ್ನು ವಾಗ್ಭ್ರಂಶವೆನ್ನಬಹುದು. ನಾಲಗೆ ತುಟಿಗಳ ಸ್ವಾಧೀನ ತಪ್ಪಿ ಉಚ್ಚಾರವು ತೊದಲುವುದು ಬೇರೆ. ಇಲ್ಲಿ ಕೆಡುವುದು ಭಾಷೆಯೇ. ಬುದ್ಧಿಯೂ ಕೆಟ್ಟಿತೆಂದು ಮನೆಯವರು ಭಾವಿಸಿ, ಹಿರಿಯರ ಇದಿರಿನಲ್ಲಿಯೇ ಅವರ ವಿಷಯವನ್ನು ಅವರಿಲ್ಲವೆಂಬಂತೆ ಆಡುವುದುಂಟು. ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಮಾತಿಗೆ ಎರಡು ವ್ಯಾಪಾರಗಳೆಂದು ಯಾಕಬ್‌ಸನ್ನರ ಮತ: ಪದವನ್ನು ಆರಿಸುವುದು, ಆರಿಸಿದ್ದನ್ನು ಜೋಡಿಸುವುದು. ಆರಿಸುವ ಶಕ್ತಿ ಕುಂದಿದವನು ಚೂರಿಗೆ ಮುಳ್ಳುಚಮಚವೆನ್ನುವನು. ಅವು ಒಂದೇ ಮೇಜಿನ ಮೇಲೆ ಒಟ್ಟಿಗಿರುವ ವಸ್ತುಗಳು. ಜೋಡಿಸುವ ಶಕ್ತಿ ಕುಂದಿದವನು ಸೂಕ್ಷ್ಮದರ್ಶಕವನ್ನು ದುರ್ಬೀನೆನ್ನುವನು; ಅವೆರಡಕ್ಕೂ ಹೋಲಿಕೆಯುಂಟು. ಒಂದರ ದಾರಿ ಸಾಮೀಪ್ಯ, ಇನ್ನೊಂದರದು ಸಾದೃಶ್ಯ. ವಾಸ್ತವಿಕ ಕಾದಂಬರಿಯು ಮೊದಲನೆಯ ದಾರಿಗೂ, ರೂಪಕಪ್ರಧಾನವಾದ ಕಾವ್ಯವು ಎರಡನೆಯ ದಾರಿಗೂ ಒಲಿಯುವುವೆಂದು ಅವರು ಮುಂದುವರಿಸಿದರು.

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದು ಹಳೆಯ ನಂಟು. ಮಮ್ಮಟನೇ ಮೊದಲಾದವರು ಲಕ್ಷಣೆಯನ್ನು ಸಾದೃಶ್ಯದಿಂದ ಬರುವ ಗೌಣಿಯೆಂದೂ, ಸಾಮೀಪ್ಯಾದಿ ಸಂಬಂಧಗಳಿಂದ ಬರುವ ಶುದ್ಧೆಯೆಂದೂ ವಿಂಗಡಿಸಿದ್ದಾರೆ. ಗಂಗೆಯಲ್ಲಿ ಗೊಲ್ಲರಹಟ್ಟಿ ಇದೆಯೆಂದರೆ ದಡವೆಂದು ತಿಳಿಯುವುದು ಶುದ್ಧೆಗೆ ಪ್ರಸಿದ್ಧ ನಿದರ್ಶನ. ಆದರೆ ಲಕ್ಷಣೆಗೆ ಸಂಬಂಧವೊಂದೇ ಸಾಲದು. ಮುಖ್ಯಾರ್ಥಕ್ಕೆ ಬಾಧೆಯಿರಬೇಕು, ರೂಢಿಯೋ ಪ್ರಯೋಜನವೋ ಇರಬೇಕು. ರೋಗಿಯಲ್ಲಿ ಸಂಬಂಧ ಮಾತ್ರ ಉಂಟು. ಬಾಧೆಯಾದರೂ ಕೇಳುವವನ ಅರ್ಥಬೋಧೆಯಲ್ಲಲ್ಲ, ಹೇಳುವವನ ಪದಪ್ರಾಪ್ತಿಯಲ್ಲಿ. ದಡವೆಂಬ ಪದವನ್ನು ಕವಿ ಬೇಕೆಂದು ಬಿಟ್ಟನು. ರೋಗಿಗೆ ಅದು ಸಿಕ್ಕಲೇ ಇಲ್ಲ. ಈ ಭೇದಕ್ಕೆ ಯಾಕಬ್‌ಸನ್ನರು ಸಾಕಷ್ಟು ಲಕ್ಷ್ಯ ಕೊಟ್ಟಿದ್ದರೆ ಪ್ರಬಂಧವು ಇನ್ನೂ ಗಟ್ಟಿಯಾಗುತ್ತಿತ್ತು. ಎರಡೇ ಗೂಡುಗಳಲ್ಲಿ ರೋಗಿಗಳೆಲ್ಲ ಅಡಗುವುದಿಲ್ಲವೆಂಬುದೂ ವೈದ್ಯರ ಅನುಭವ.

1861ರಲ್ಲಿ ಪ್ಯಾರಿಸ್ಸಿನ ಬ್ರೋಕಾ ಎಂಬ ವೈದ್ಯನು ಪರೀಕ್ಷಿಸಿದ ರೋಗಿಯ ಬಾಯಲ್ಲಿ ‘ಟಾನ್’ ಎಂಬುದೊಂದೇ ಅಕ್ಷರ ಉಳಿದಿತ್ತು. ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ. ಸಂಜ್ಞೆಗಳನ್ನು ಸೇರಿಸಿ ಆತನು ಅದರಿಂದಲೇ ಮನಸ್ಸನ್ನು ತಿಳಿಸಲೆಳಸುತ್ತಿದ್ದನು. ಹೇಳುವ ಇಚ್ಛೆ ಅಳಿದಿರಲಿಲ್ಲ.

ಯಾಕಬ್‌ಸನ್ನರ ಇನ್ನೊಂದು ಮಾತು ಕೋಲಾರ ಜಿಲ್ಲೆಗೆ ನೇರವಾಗಿ ತಟ್ಟುವಂಥದು. ಆರಿಸುವ ಶಕ್ತಿ ಕುಂದಿದವನು ಭಾಷೆಯಿಂದ ಭಾಷೆಗೆ ಹೊರಳಲಾರದೆ ಒಂದೇ ನುಡಿಯ ಸೆರೆಯಾಳಾಗುವನೆಂದು ಅವರು ಬರೆದರು. ಹಾಗಾಗುವುದುಂಟು, ಆದರೆ ಹಲವು ನುಡಿಗಳು ಒಂದರೊಳಗೊಂದು ನುಗ್ಗಿಬರುವ ರೋಗಿಗಳೂ ಉಂಟು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದರೂ, ಗಣಿಗಳು ಕೂಡಿಸಿದ ಭಾಷೆಗಳು ಚದರಲಿಲ್ಲ. ಮನೆಯಲ್ಲಿ ತಮಿಳು, ನೆರೆಯಲ್ಲಿ ತೆಲುಗು, ಬಂಗಾರಪೇಟೆಯ ಸಂತೆಯಲ್ಲಿ ಕನ್ನಡ, ಕಾಗದಪತ್ರಗಳಲ್ಲಿ ಇಂಗ್ಲಿಷ್. ಅಂಥ ಮನೆಯ ಹಿರಿಯರೊಬ್ಬರಿಗೆ ಲಕ್ವ ಹೊಡೆಯಿತೆಂದು ಭಾವಿಸಬಹುದು. ನೀರೆಂಬ ಪದ ಒದಗದೆ ಅವರು ತಣ್ಣಿ ಎಂದರೆ, ಕನ್ನಡವನ್ನು ಮಾತ್ರ ಬಲ್ಲ ಪರೀಕ್ಷಕನು ತಪ್ಪೆಂದು ಬರೆದುಕೊಳ್ಳುವನು. ಸೊಸೆ ಲೋಟ ತಂದಿಡುವಳು. ಇಬ್ಬರಲ್ಲಿ ಒಳ್ಳೆಯ ವಿಮರ್ಶಕರಾರು? ಮೊದಲು ಕಲಿತ ನುಡಿ ಮೊದಲು ಮರಳುವುದೆಂದು ರಿಬೋ ಎಂಬವನೂ, ಹೆಚ್ಚು ಬಳಕೆಯ ನುಡಿಯೇ ಮರಳುವುದೆಂದು 1895ರಲ್ಲಿ ಪಿತ್ರ್ ಎಂಬವನೂ ಹೇಳಿದರು. ಎರಡು ನಿಯಮಗಳೂ ಎಲ್ಲರಲ್ಲಿ ನಿಲ್ಲಲಿಲ್ಲ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ. ಪಶ್ಚಿಮದ ಪರೀಕ್ಷಾಕ್ರಮವೊಂದರ ಕನ್ನಡ ರೂಪದ ವಿವರಗಳು 2008ರಲ್ಲಿ ಪ್ರಕಟವಾದುವು. ಕನ್ನಡಕ್ಕೆ ತರುವಾಗ ಪದಗಳನ್ನು ಬದಲಿಸಿದರೆ ಮುಗಿಯಲಿಲ್ಲ, ವ್ಯಾಕರಣವೂ ಬದಲಾಗಬೇಕು. ರೋಗಿಯು ಹಾಲು ಕುಡಿದೆ ಎಂದರೆ ದ್ವಿತೀಯಾವಿಭಕ್ತಿ ಲೋಪವಾಯಿತೆಂದು ಎಣಿಸಬಾರದು; ಆರೋಗ್ಯವಂತರೂ ಹಾಗೆಯೇ ಆಡುವರು.

ಇಷ್ಟು ಆಕ್ಷೇಪಿಸಿದ ಮೇಲೂ ಸಾಮೀಪ್ಯದ ಬಲದ ವಿಷಯದಲ್ಲಿ ಯಾಕಬ್‌ಸನ್ನರ ದೃಷ್ಟಿ ಸೂಕ್ಷ್ಮವಾದುದು. ಬಿಡಿಪದ ಬಾರದವರೂ ವಾರಗಳ ಹೆಸರನ್ನೋ, ಎಣಿಕೆಯನ್ನೋ, ಬಾಯಿಪಾಠದ ಸ್ತೋತ್ರವನ್ನೋ ಒಂದೇ ಉಸಿರಿಗೆ ಒಪ್ಪಿಸುವುದುಂಟು. ಉರಿಗಾಂ ನಿಲ್ದಾಣದ ಚಿತ್ರವನ್ನು ತೋರಿಸಿ ಹೆಸರು ಕೇಳಿದರೆ ಸುಮ್ಮನಿರುವ ಗಣಿಯ ಹಿರಿಯರೊಬ್ಬರು, ಬಂಗಾರಪೇಟೆಯ ಕಡೆಯಿಂದ ಯಾರಾದರೂ ಕೋರಮಂಡಲ್ ಎಂದು ಮೊದಲಿಟ್ಟರೆ, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ರೈಲಿನ ಕೊನೆಯವರೆಗೂ ಹೇಳಿಬಿಡುವುದು ಅಸಂಭವವಲ್ಲ.