ವಾರ್ಧಕ್ಯದ ಅಳತೆಗೋಲು ಮತ್ತು ನುಡಿ

ಭಾರತದ ದೀರ್ಘಾವಧಿ ವಾರ್ಧಕ್ಯ ಅಧ್ಯಯನವಾದ ‘ಲಾಸಿ’ಯ ಮೊದಲ ಸುತ್ತು 2017-18ರಲ್ಲಿ ಎಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಜನರನ್ನು ಒಳಗೊಂಡಿತು. ಮರೆಗುಳಿತನವನ್ನು ಶೋಧಿಸುವ ಅದರ ಉಪ-ಅಧ್ಯಯನದಲ್ಲಿ ಬಳಕೆಯಾದ ಹಿಂದಿ ಮನಃಸ್ಥಿತಿ ಪರೀಕ್ಷೆಯು ದೆಹಲಿ ಸಮೀಪದ ಬಲ್ಲಭಗಢದ ನಿರಕ್ಷರಿಗಳನ್ನು ಲಕ್ಷಿಸಿ 1990ರ ದಶಕದಲ್ಲಿ ರೂಪುಗೊಂಡದ್ದು. ಇಂಗ್ಲಿಷಿನ ಮೂಲ ಪರೀಕ್ಷೆ ವಾಕ್ಯವೊಂದನ್ನು ಬರೆಯಿಸುವಲ್ಲಿ ಇದು ಮನೆಯ ಕುರಿತು ಒಂದು ಮಾತನ್ನು ಆಡಿಸುತ್ತದೆ. ಓದಿ ಕಣ್ಣು ಮುಚ್ಚಬೇಕಾದಲ್ಲಿ, ಎದುರಿನವರನ್ನು ನೋಡಿ ಮುಚ್ಚಿಸುತ್ತದೆ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ವ್ಯಾಸಭಾರತವನ್ನು ಕನ್ನಡಿಸಿದ ಕ್ರಮವೂ ಇದೇ: ಪದವನ್ನು ಬಿಟ್ಟು ಪ್ರಯೋಜನವನ್ನು ಹಿಡಿಯುವುದು. ಇಷ್ಟು ಮೆಚ್ಚತಕ್ಕದ್ದು.

ಆದರೆ ಗಾಜಿಯಾಬಾದಿನಲ್ಲಿ ಮಗನ ಮನೆಗೆ ಬಂದು ನೆಲೆಸಿದ ಧಾರವಾಡದ ವೃದ್ಧೆಯೊಬ್ಬರನ್ನು ಹಿಂದಿಯಲ್ಲಿ ಪರೀಕ್ಷಿಸಿದರೆ ತೊಡರುವುದು ನೆನಪೋ, ನುಡಿಯೋ? ಅಂಕ ಮಾತ್ರ ಒಂದೇ. ಸಂದರ್ಶನದ ಭಾಷೆಯನ್ನೂ ಮಾತೃಭಾಷೆಯನ್ನೂ ಪ್ರತ್ಯೇಕವಾಗಿ ಗಣಿಸದೆ ರಾಜ್ಯರಾಜ್ಯಗಳನ್ನು ಹೋಲಿಸುವ ಸಂಶೋಧಕರು ಇಲ್ಲಿ ಎಡವುವರೆಂದೇ ನನ್ನ ಅಭಿಪ್ರಾಯ.